ನಮ್ಮ ಕಾಗದ ಸಿಕ್ಕಿತು, ಊರಿನ ಕಡತ?

ಮಾಹಿತಿ ಹಕ್ಕು ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು. ಅದಕ್ಕೆ ಇಪ್ಪತ್ತು ವರ್ಷ ತುಂಬಲು ಇನ್ನೇನು ತಿಂಗಳಿದೆ ಎನ್ನುವಾಗ, 2025ರ ಸೆಪ್ಟೆಂಬರ್‌ನಲ್ಲಿ, ಬಿಬಿಎಂಪಿ ಎಂಬ ಸಂಸ್ಥೆಯೇ ಹೋಗಿ ಬೆಂಗಳೂರಿಗೆ ಐದು ನಗರ ಪಾಲಿಕೆಗಳು ಬಂದವು. ಸರ್ಕಾರಿ ದಾಖಲೆ ಜನರ ಕೈಗೆ ಎಷ್ಟರಮಟ್ಟಿಗೆ ಸಿಗುತ್ತಿದೆ ಎಂದು ಹಿಂತಿರುಗಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ನೋಡುವುದಕ್ಕೆ ಬಾಗಲಗುಂಟೆಯೂ ತಕ್ಕ ಜಾಗವೇ. ಬಿಬಿಎಂಪಿಯ ದಾಸರಹಳ್ಳಿ ವಲಯ ಕಚೇರಿ ಇದ್ದದ್ದು ಇಲ್ಲೇ, ಹೆಸರಘಟ್ಟ ಮುಖ್ಯರಸ್ತೆಯ ಎಂಇಐ ಬಡಾವಣೆಯಲ್ಲಿ. ಇಲ್ಲಿನವರು ಅರ್ಜಿ ಹಿಡಿದು ನಡೆದೇ ಹೋಗಬಹುದಿತ್ತು.

ಮೊದಲು ಆದದ್ದನ್ನು ಒಪ್ಪಿಕೊಳ್ಳೋಣ. ಪಹಣಿಗೆಂದು ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಮನೆಬಾಗಿಲು ಕಾಯುತ್ತಿದ್ದ ಕಾಲವನ್ನು ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲೇ ಮುಗಿಸಿತು. ಋಣಭಾರ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಇಸಿ, ‘ಕಾವೇರಿ’ ತಂತ್ರಾಂಶಕ್ಕೆ ಬಂತು. 2004ರಿಂದ ಈಚಿನದನ್ನು ಮನೆಯಲ್ಲಿ ಕೂತು ತೆಗೆಯಬಹುದು. 2012ರಲ್ಲಿ ‘ಸಕಾಲ’ ಬಂದು ಇಂತಿಷ್ಟು ದಿನದೊಳಗೆ ಕೊಡಲೇಬೇಕು ಎಂದಿತು. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿಯಿಲ್ಲ. ವಾರ್ಡ್ ಆಯ್ದು, ಹೆಸರು ಹುಡುಕಿ, ಕರಡು ಖಾತೆಯನ್ನು ಮೊಬೈಲಿನಲ್ಲೇ ನೋಡುವಂತಾಯಿತು. ಜನನ ಮರಣ ಪತ್ರದ ಮಾತಂತೂ ಬೇಡ, ಅದು ಬಹುಮಟ್ಟಿಗೆ ಸಲೀಸಾಗಿದೆ. ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗಳು ‘ಇಲ್ಲಿ ಇ-ಖಾತಾ ಮಾಡಿಸಿಕೊಡಲಾಗುತ್ತದೆ’ ಎಂದು ಬೋರ್ಡ್ ಹಾಕಿಕೊಂಡಿರುವುದು, ಆ ಸಲೀಸು ಎಲ್ಲರಿಗೂ ಸಮನಾಗಿ ದಕ್ಕಿಲ್ಲ ಎಂಬುದನ್ನೂ ಹೇಳುತ್ತದೆ. ಇರಲಿ. ಒಟ್ಟಿನಲ್ಲಿ ನನ್ನ ಮನೆ, ನನ್ನ ಸೈಟು, ನನ್ನ ಮಗುವಿನ ಹುಟ್ಟು ಇವುಗಳ ಕಾಗದ ಇಪ್ಪತ್ತು ವರ್ಷದ ಹಿಂದಿಗಿಂತ ಇಂದು ಬೇಗ ಕೈಗೆ ಬರುತ್ತದೆ.

ತೊಡಕಿರುವುದು ನಮ್ಮೆಲ್ಲರದ್ದೂ ಆದ ಕಾಗದದಲ್ಲಿ. ರಸ್ತೆಯ ಬಿಲ್ಲು, ರಾಜಕಾಲುವೆಯ ಅಳತೆ, ಕೆರೆಯ ಗಡಿ, ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗದ ನಕ್ಷೆ, ಇವು ಯಾವ ಒಬ್ಬ ಅರ್ಜಿದಾರನ ಹೆಸರಿನಲ್ಲೂ ಇರುವುದಿಲ್ಲ. ಹಾಗಾಗಿ ಇವನ್ನು ಕೊಡುವ ಆತುರ ಯಾರಿಗೂ ಇಲ್ಲ. ‘ಸಕಾಲ’ದ ಗಡಿಯಾರ ಓಡುವುದು ಖಾತೆ ವರ್ಗಾವಣೆಯಂಥ ಸೇವೆಗಳಿಗೆ, ಊರಿನ ಕಡತಕ್ಕೆ ಮಾಹಿತಿ ಹಕ್ಕಿನ ಅರ್ಜಿಯೊಂದೇ ದಾರಿ.

ಬಾಗಲಗುಂಟೆಯಂಥ ಜಾಗದಲ್ಲಿ ಈ ತೊಡಕಿಗೆ ಇನ್ನೊಂದು ಸುತ್ತು ಸೇರಿಕೊಂಡಿದೆ. ಮೊದಲು ಪಂಚಾಯಿತಿ, ಆಮೇಲೆ ದಾಸರಹಳ್ಳಿ ನಗರಸಭೆ. 2007ರ ಜನವರಿಯಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ದಾಸರಹಳ್ಳಿ ನಗರಸಭೆಯೂ ಅದರೊಳಗೆ ಹೋಯಿತು. 198 ವಾರ್ಡ್‌ಗಳ ಪಟ್ಟಿಯಲ್ಲಿ ಬಾಗಲಗುಂಟೆಯದು 14ನೇ ವಾರ್ಡ್. ಈಗ ಆ ಪಟ್ಟಿಯೂ ಹೋಗಿ ಹೊಸ ಪಾಲಿಕೆ, ಹೊಸ ವಾರ್ಡ್ ಗಡಿ. ಪ್ರತಿ ಸಲ ಬೋರ್ಡ್ ಬದಲಾದಾಗಲೂ ಬೀರುಗಳು ಲಾರಿ ಹತ್ತಿವೆ. ಯಾವ ಬೀರುವಿನಲ್ಲಿ ಏನಿತ್ತು ಎಂಬ ಪಟ್ಟಿ ಜೊತೆಗೆ ಹೋಯಿತೇ ಎಂದು ಕೇಳಿದವರು ಕಡಿಮೆ.

ಇಲ್ಲಿ ಸೈಟು ಕೊಂಡವನ ಪಾಡನ್ನೇ ನೋಡಿ. ಬ್ಯಾಂಕಿನವರು ಮೂವತ್ತು ವರ್ಷದ ಇಸಿ ಕೇಳುತ್ತಾರೆ. 2004ರ ಈಚಿನದು ಕಂಪ್ಯೂಟರಿನಲ್ಲಿ. ಹಿಂದಿನದು ಉಪನೋಂದಣಿ ಕಚೇರಿಯ ಕೈಬರಹದ ಪುಸ್ತಕದಲ್ಲಿ. ಮೂಲ ಸರ್ವೆ ನಂಬರಿನ ಪಹಣಿ ಮತ್ತು ಭೂಪರಿವರ್ತನೆ ಆದೇಶ ಕಂದಾಯ ಇಲಾಖೆಯಲ್ಲಿ. ಪಂಚಾಯಿತಿ ಕಾಲದ ಖಾತೆ, ಅಭಿವೃದ್ಧಿ ಶುಲ್ಕ ಕಟ್ಟಿದ ರಸೀದಿ ನಗರಸಭೆಯಿಂದ ಬಂದ ರಿಜಿಸ್ಟರಿನಲ್ಲಿ. ಬಡಾವಣೆಗೆ ನಕ್ಷೆ ಮಂಜೂರಾಗಿದ್ದರೆ ಅದು ಕುಮಾರ ಪಾರ್ಕ್ ವೆಸ್ಟ್‌ನ ಬಿಡಿಎಯಲ್ಲಿ. ಎ ಖಾತೆ, ಬಿ ಖಾತೆ ಎಂಬ ಜಗಳದ ಬೇರು ಇರುವುದು ಈ ಚದುರಿದ ಕಾಗದಗಳಲ್ಲಿಯೇ. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಂಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸವನ್ನು ಕಂದಾಯ ಇಲಾಖೆ 2024ರಲ್ಲಿ ಕೈಗೆತ್ತಿಕೊಂಡಿತು. ತಡವಾದರೂ ಒಳ್ಳೆಯ ಕೆಲಸ. ಹಳೆಯ ನಗರಸಭೆಗಳ ರಿಜಿಸ್ಟರುಗಳಿಗೂ ಅಷ್ಟೇ ಕಾಳಜಿ ಬೇಕಿದೆ.

ಒಂದು ಮಾತನ್ನು ನಾವು ಮರೆತೇಬಿಟ್ಟಿದ್ದೇವೆ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಮಾಹಿತಿ ಹಕ್ಕಿಗೂ ಸುಮಾರು ನೂರು ವರ್ಷ ಮೊದಲೇ ತೆರೆದ ಬಾಗಿಲು ಅದು. ಕರ್ನಾಟಕವೂ ಕೇಂದ್ರಕ್ಕಾಗಿ ಕಾದು ಕೂರಲಿಲ್ಲ, 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. 2002ರಲ್ಲಿ ಜನಾಗ್ರಹ ಮತ್ತಿತರ ಸಂಸ್ಥೆಗಳು ನಡೆಸಿದ ‘ಪ್ರೂಫ್’ ಅಭಿಯಾನದಿಂದ ಆಗಿನ ಮಹಾನಗರ ಪಾಲಿಕೆಯ ಲೆಕ್ಕಪತ್ರ ಮೂರು ತಿಂಗಳಿಗೊಮ್ಮೆ ಜನರ ಮುಂದೆ ಬರತೊಡಗಿತ್ತು. ಅಷ್ಟು ಮುಂದೆ ಹೋಗಿದ್ದ ನಗರ ಎಲ್ಲಿ ನಿಂತುಬಿಟ್ಟಿತು?

ಉತ್ತರ ರಸ್ತೆಯಲ್ಲೇ ಇದೆ. ಬಿಬಿಎಂಪಿಯ ಪ್ರತಿ ಕಾಮಗಾರಿಗೂ ಒಂದು ಸಂಖ್ಯೆ ಇತ್ತು: ಮೊದಲು ವಾರ್ಡ್, ಆಮೇಲೆ ವರ್ಷ, ಕೊನೆಗೆ ಕ್ರಮಾಂಕ. ಆ ಸಂಖ್ಯೆ, ಗುತ್ತಿಗೆದಾರನ ಹೆಸರು, ಪಾವತಿಯಾದ ಮೊತ್ತ ಜಾಲತಾಣದಲ್ಲಿ ಸಿಗುತ್ತಿದ್ದವು. ಸಣ್ಣ ಸಾಧನೆಯಲ್ಲ. ಆದರೆ ಡಾಂಬರು ಎಷ್ಟು ದಪ್ಪ, ಎಷ್ಟು ಅಗಲ, ಎಲ್ಲಿಂದ ಎಲ್ಲಿಗೆ ಎಂಬುದಿರುವುದು ಎಂಬಿಯಲ್ಲಿ, ಅಂದರೆ ಎಂಜಿನಿಯರು ಅಳೆದು ಬರೆಯುವ ಅಳತೆ ಪುಸ್ತಕದಲ್ಲಿ. ಬಿಲ್ಲಾಗುವುದು ಅದರ ಆಧಾರದ ಮೇಲೆ. ಅದು ತಾನಾಗಿ ಜನರ ಮುಂದೆ ಬರುವುದಿಲ್ಲ. ‘ನಮ್ಮ ರಸ್ತೆ ಏಕೆ ಹಾಳಾಯಿತು’ ಎಂದು ಅರ್ಜಿ ಬರೆದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಖಚಿತ. ಕಾಮಗಾರಿ ಸಂಖ್ಯೆ ಬರೆದು, ಕಾರ್ಯಾದೇಶ ಮತ್ತು ಎಂಬಿ ಪುಟಗಳ ದೃಢೀಕೃತ ನಕಲು ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ರಸ್ತೆಯ ಡಾಂಬರು ಜಲ್ಲಿಯ ಚೂರನ್ನು ಕಾನೂನುಬದ್ಧವಾಗಿ ಕೇಳಿ ಪಡೆಯಬಹುದೆಂದರೆ ಇಂದಿಗೂ ಹಲವರು ನಂಬುವುದಿಲ್ಲ.

ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕಾರಣ ಹೇಳಬೇಕಿಲ್ಲ. ಇದಿಷ್ಟು ಎಲ್ಲರಿಗೂ ಗೊತ್ತು. 2008ರಲ್ಲಿ ಕರ್ನಾಟಕ ತನ್ನ ನಿಯಮ ತಿದ್ದಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಕ್ಕೆ ಮೀರುವಂತಿಲ್ಲ ಎಂದು ಕಟ್ಟು ಹಾಕಿತು. ಪದ ಎಣಿಸಿ ಅರ್ಜಿ ವಾಪಸು ಕಳಿಸುವ ಕಸುಬು ಅಲ್ಲಿಂದ ಶುರುವಾಯಿತು. ಉತ್ತರಿಸದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಮೊದಲ ಮೇಲ್ಮನವಿ ದಾಟಿ ಮಾಹಿತಿ ಆಯೋಗದ ಮುಂದೆ ಎರಡನೆಯದು ವಿಚಾರಣೆಗೆ ಬರುವಷ್ಟರಲ್ಲಿ ಆ ಅಧಿಕಾರಿ ವರ್ಗವಾಗಿರುತ್ತಾನೆ, ಕೇಳಿದ ರಸ್ತೆಗೆ ಹೊಸ ಡಾಂಬರೂ ಬಿದ್ದಿರುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ತಡೆ ‘ಕಡತ ಲಭ್ಯವಿಲ್ಲ’ ಎಂಬ ಒಂದು ಸಾಲು. ಕಾಯ್ದೆಯಲ್ಲಿ ಇಂಥದೊಂದು ವಿನಾಯಿತಿಯೇ ಇಲ್ಲ. ಕಾಣೆಯಾದ ದಾಖಲೆಯನ್ನು ಹುಡುಕಲು ತನಿಖೆ ನಡೆಸಬೇಕು, ಹೊಣೆ ಯಾರದೆಂದು ಗುರುತಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾಯ್ದೆಯ 4(1)(ಎ) ಕಲಂ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಕಟ್ಟಿ ಇಡಬೇಕೆಂದು ಮೊದಲ ದಿನದಿಂದಲೇ ಹೇಳುತ್ತಿದೆ. ಇಪ್ಪತ್ತು ವರ್ಷದಲ್ಲಿ ಈ ಕಾಯ್ದೆಗೆ ಅತಿ ದೊಡ್ಡ ಹೊಡೆತ ಬಿದ್ದದ್ದು ಮಾಹಿತಿ ನಿರಾಕರಿಸಿದವರಿಂದಲ್ಲ, ಪಟ್ಟಿ ಮಾಡದೆ ಬಿಟ್ಟವರಿಂದ ಎಂಬುದು ನಮ್ಮ ಅಭಿಪ್ರಾಯ. ಏನಿದೆ ಎಂದು ಗೊತ್ತಿದ್ದರಲ್ಲವೇ ಏನು ಹೋಯಿತು ಎಂದು ಕೇಳುವುದು? 2023ರ ಆಗಸ್ಟ್ 11ರಂದು ಪಾಲಿಕೆ ಕೇಂದ್ರ ಕಚೇರಿಯ ಗುಣಮಟ್ಟ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದು ಸಿಬ್ಬಂದಿ ಸುಟ್ಟುಕೊಂಡರು, ಮುಖ್ಯ ಎಂಜಿನಿಯರರು ತೀರಿಕೊಂಡರು. ಆ ಸಾವಿನ ನೋವಿನ ನಡುವೆಯೂ ಊರು ಕೇಳಿದ ಮೊದಲ ಪ್ರಶ್ನೆ ಕಡತಗಳದ್ದೇ ಆಗಿತ್ತು. ರಾಜಕೀಯ ಪಕ್ಷಗಳು ಅದನ್ನೇ ಹಿಡಿದು ಕಿತ್ತಾಡಿದವು.

ಇದರ ಮೇಲೆ ಇನ್ನೆರಡು ಸಂಗತಿ. 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿಯಿತು. ಅಲ್ಲಿಂದ ಮುಂದೆ ಬಿಬಿಎಂಪಿ ಇದ್ದಷ್ಟು ದಿನವೂ ಸಭೆಯಲ್ಲಿ ಎದ್ದುನಿಂತು ಕಡತ ತರಿಸಿ ಎನ್ನಲು ಕಾರ್ಪೊರೇಟರ್ ಇರಲಿಲ್ಲ. ಇನ್ನೊಂದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದು ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು ನಿರಾಕರಿಸಬಹುದು ಎಂಬಂತೆ ಮಾಡಿದೆ. ಸಾರ್ವಜನಿಕ ಹಿತಾಸಕ್ತಿಯನ್ನು ತೂಗಿ ನೋಡುವ 8(2) ಕಲಂ ಉಳಿದಿದೆ, ನಿಜ. ಆದರೆ ಬಿಲ್ಲಿಗೆ ಸಹಿ ಹಾಕಿದವರ ಹೆಸರನ್ನೂ ವೈಯಕ್ತಿಕ ಎಂದು ಮರೆಮಾಚಲು ಎಷ್ಟು ದಿನ ಬೇಕು?

ಹಾಗಾದರೆ ಬಾಗಲಗುಂಟೆಯವರು ಈಗ ಯಾವ ಅರ್ಜಿ ಹಾಕಬೇಕು? ರಸ್ತೆಯದ್ದಲ್ಲ, ಕೆರೆಯದ್ದೂ ಅಲ್ಲ. ಮೊದಲು ಚಾರ್ಜ್ ಲಿಸ್ಟ್ ಕೇಳಿ. 2007ರಲ್ಲಿ ದಾಸರಹಳ್ಳಿ ನಗರಸಭೆ ಬಿಬಿಎಂಪಿಗೆ ವಹಿಸಿಕೊಟ್ಟ ಖಾತೆ ರಿಜಿಸ್ಟರು, ಬಡಾವಣೆ ನಕ್ಷೆ, ಕಾಮಗಾರಿ ಕಡತಗಳ ಪಟ್ಟಿ. 2025ರಲ್ಲಿ ಬಿಬಿಎಂಪಿ ವಲಯ ಕಚೇರಿ ಹೊಸ ಪಾಲಿಕೆಗೆ ವಹಿಸಿಕೊಟ್ಟ ಕಡತಗಳ ಪಟ್ಟಿ. ಎರಡರಲ್ಲೂ ಕೊಟ್ಟವರ, ಪಡೆದವರ ಸಹಿಯಿರುವ ಪುಟ. ವಿಷಯ ಒಂದೇ, ಪದ ಐವತ್ತೂ ಆಗುವುದಿಲ್ಲ. ಯಾವ ಪಾಲಿಕೆಗೆ ವಿಳಾಸ ಬರೆಯುವುದೆಂಬ ಚಿಂತೆ ಬೇಡ. ತಪ್ಪು ಕಚೇರಿಗೆ ಕೊಟ್ಟರೂ 6(3) ಕಲಮಿನಂತೆ ಐದು ದಿನದೊಳಗೆ ಸರಿಯಾದಲ್ಲಿಗೆ ಕಳಿಸುವ ಹೊಣೆ ಅವರದೇ. ಟಪಾಲು ವಿಭಾಗದಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.