ಕಡಲ ತಳದ ಹಿಂಸೆ ಯಾರ ಲೆಕ್ಕಕ್ಕೆ?

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಶ್ರಾವಕನ ಮನೆಯ ಮೊದಲ ಆಚಾರ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಕಂಡಲ್ಲಿ ಚೆಲ್ಲದೆ, ನೀರು ತಂದ ಬಾವಿಗೇ ಜತನದಿಂದ ಮರಳಿಸಬೇಕೆಂಬುದು ಹಿರಿಯರ ಕಟ್ಟಳೆ. ಕಣ್ಣಿಗೆ ಕಾಣದ ಜೀವಕ್ಕೂ ಅದರ ನೆಲೆಯನ್ನು ಹಿಂದಿರುಗಿಸುವ ಧರ್ಮದವರು, ಬೆಳ್ಮಣ್ ಪೇಟೆಯಿಂದ ತಂದ ಪ್ಲಾಸ್ಟಿಕ್ ಚೀಲವನ್ನು ಹಿತ್ತಿಲಾಚೆ ಎಸೆಯುವಾಗ ಯಾವ ಜೀವದ ನೆಲೆಯನ್ನು ನೆನೆಯುತ್ತಾರೆ?

ಎಸೆದ ಚೀಲ ಎಸೆದಲ್ಲಿ ನಿಲ್ಲದು. ಮಳೆಗಾಲದ ತೋಡು ಅದನ್ನು ಶಾಂಭವಿ ಹೊಳೆಗೆ ಒಯ್ಯುತ್ತದೆ; ಶಾಂಭವಿ ಮೂಲ್ಕಿಯ ಬಳಿ ಅರಬ್ಬಿ ಸಮುದ್ರಕ್ಕೆ ಒಪ್ಪಿಸುತ್ತದೆ. ಪಾಲಿಥೀನ್ ನೀರಿಗಿಂತ ಹಗುರ. ಕೆಲಕಾಲ ತೇಲಿ, ಮೈಗೆ ಪಾಚಿಯೂ ಚಿಪ್ಪುಜೀವಿಗಳೂ ಅಂಟಿದ ಬಳಿಕ ಭಾರವಾಗಿ ತಳ ಸೇರುತ್ತದೆ. ಸಮುದ್ರವು ಎಲ್ಲವನ್ನೂ ಕರಗಿಸಿಕೊಳ್ಳುವುದೆಂದು ನಂಬಿದವರುಂಟು. ಅದು ಭ್ರಮೆ. ಪ್ಲಾಸ್ಟಿಕ್ಕನ್ನು ಜೀರ್ಣಗೊಳಿಸುವುದು ಮುಖ್ಯವಾಗಿ ಬಿಸಿಲಿನ ಅತಿನೇರಳೆ ಕಿರಣ, ಶಾಖ ಮತ್ತು ಆಮ್ಲಜನಕ. ಆಳದಲ್ಲಿ ಬಿಸಿಲೂ ಇಲ್ಲ, ಶಾಖವೂ ಇಲ್ಲ. 1998ರಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ, ಸುಮಾರು 10,900 ಮೀಟರ್ ಆಳದಲ್ಲಿಯೂ ಪ್ಲಾಸ್ಟಿಕ್ ಚೀಲವೊಂದರ ಅವಶೇಷ ಕ್ಯಾಮೆರಾಕ್ಕೆ ಕಂಡಿತು. ಹರಿದರೂ ಅದು ಅಳಿಯದು. ಚೂರಾಗಿ, ಹುಡಿಯಾಗಿ ಹುಳು, ಸೀಗಡಿ, ಮೀನುಗಳ ಹೊಟ್ಟೆ ಸೇರುತ್ತದೆ.

'ಮಣ್ಣಲ್ಲಿ ಕರಗುವ ಚೀಲ'ವೆಂಬ ಸಮಾಧಾನವೂ ನಿಲ್ಲುವುದಿಲ್ಲ. ಐರ್ಲೆಂಡಿನ ಕಡಲಂಚಿನ ಕೆಸರಿನಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಮಾನ್ಯ ಚೀಲ ಮತ್ತು ಕರಗುವುದೆನ್ನಲಾದ ಚೀಲ ಎರಡರ ಅಡಿಯಲ್ಲೂ ಕೇವಲ 9 ವಾರಗಳಲ್ಲಿ ಆಮ್ಲಜನಕ ಬರಿದಾಗಿ, ಕೆಸರಿನೊಳಗಿನ ಕಿರುಜೀವಿಗಳ ಸಂಖ್ಯೆ ಕುಗ್ಗಿತು. ಚೀಲ ಕರಗುವ ಮೊದಲೇ ಜೀವಗಳು ಉಸಿರುಗಟ್ಟಿದ್ದವು.

'ಕೊಲ್ಲುವ ಸಂಕಲ್ಪವಿರಲಿಲ್ಲ, ಇದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆ' ಎಂದು ವಾದಿಸುವವರಿದ್ದಾರೆ. ಒಲೆ ಉರಿಸದೆ ಅಡುಗೆಯಾಗದು, ಅದು ಅನಿವಾರ್ಯ. ಪ್ಲಾಸ್ಟಿಕ್ ಚೀಲವಿಲ್ಲದೆ ತೆಂಗಿನಕಾಯಿ ಮನೆಗೆ ಬಾರದೇ? ಬಟ್ಟೆಯ ಚೀಲ, ಬುಟ್ಟಿ, ಬಾಳೆಲೆಗಳಿರುವಾಗ ಅನಿವಾರ್ಯವೆಂಬ ಮಾತು ಆಲಸ್ಯಕ್ಕೆ ತೊಡಿಸಿದ ಶಾಸ್ತ್ರದ ಉಡುಪು. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಒಂದು, ತ್ಯಜಿಸುವ ವಸ್ತುವನ್ನು ಜೀವರಹಿತ ಸ್ಥಳ ನೋಡಿ ತ್ಯಜಿಸಬೇಕೆಂಬುದು. ಶ್ರಾವಕನಿಗೆ ಅದರ ಲೇಶವಾದರೂ ಬೇಡವೇ?

ರಾಜ್ಯ ಸರಕಾರ 2016ರಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಕಾನೂನಿಗಿಂತ ಮುಂದಿರಬೇಕಾದ ಧರ್ಮ ಅದರ ಹಿಂದೆ ನಡೆಯುವುದು ಲಜ್ಜೆಯ ಸಂಗತಿ. ಬಸದಿಗಳ ಆಡಳಿತ ಮಂಡಳಿಗಳು ಪ್ರಸಾದವನ್ನು ಎಲೆಯಲ್ಲಿ ಕೊಡಲಿ. ಉತ್ಸವದ ಆಮಂತ್ರಣದಲ್ಲಿಯೇ ಬಟ್ಟೆಯ ಚೀಲ ತರಬೇಕೆಂದು ಅಚ್ಚುಹಾಕಿಸಲಿ. ಪ್ಲಾಸ್ಟಿಕ್ಕಿನಲ್ಲಿ ಬಂದ ಪೂಜಾದ್ರವ್ಯವನ್ನು ಬಾಗಿಲಲ್ಲೇ ತಡೆಯಲಿ. ಬಾವಿಯ ಜೀವಕ್ಕೆ ತೋರಿದ ದಯೆಯನ್ನು ಕಡಲ ಜೀವಕ್ಕೆ ನಿರಾಕರಿಸಿದರೆ, ಸೋಸಿದ ನೀರು ಕೇವಲ ಶುಚಿಯಾದ ನೀರು. ಅದರಲ್ಲಿ ಅಹಿಂಸೆ ಉಳಿದಿರುವುದಿಲ್ಲ.