ಒಂದು ಚುಕ್ಕಿ, ಒಂದು ಕೋಟಿ ನಕ್ಷತ್ರ

ಮಕ್ಕಳೇ, ಊರ ಜಾತ್ರೆಯನ್ನು ಬಾಗಿಲ ಸಂದಿಯಿಂದ ಇಣುಕಿ ನೋಡಿದರೆ ಏನು ಕಂಡೀತು? ಯಾರದೋ ಪೇಟ, ಯಾರದೋ ಬಲೂನು, ಅಷ್ಟೇ. ಮಾಳಿಗೆ ಹತ್ತಿದರೆ ತೇರು, ಜನ, ಅಂಗಡಿಸಾಲು ಎಲ್ಲ ಒಟ್ಟಿಗೆ ಕಾಣುತ್ತವೆ. ಆಕಾಶದಲ್ಲೂ ಅಂಥದೊಂದು ಜಾತ್ರೆಯಿದೆ. ಅದರ ಹೆಸರು ಒಮೆಗಾ ಸೆಂಟಾರಿ.

ಬರಿಗಣ್ಣಿಗೆ ಅದು ಮಸುಕಾದ ಒಂದು ಚುಕ್ಕಿ. ಸುಮಾರು 1,900 ವರ್ಷಗಳ ಹಿಂದೆ ಟಾಲೆಮಿ ಅದನ್ನು ನಕ್ಷತ್ರಗಳ ಪಟ್ಟಿಗೆ ಸೇರಿಸಿದ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿಗೆ ಅದು ಮಬ್ಬು ಮಚ್ಚೆಯಂತೆ ಕಂಡಿತು. ಧೂಮಕೇತುವಿಗೆ ಹೆಸರಾದ ಹ್ಯಾಲಿಯೇ ಈತ. 1830ರ ದಶಕದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದ ಜಾನ್ ಹರ್ಷೆಲ್ ತನ್ನ ದೂರದರ್ಶಕದಲ್ಲಿ ನೋಡಿ, ಅದು ಗೋಳಾಕಾರದ ನಕ್ಷತ್ರಗುಚ್ಛ ಎಂದು ಗುರುತಿಸಿದ.

ಈ ಗುಚ್ಛದಲ್ಲಿರುವ ನಕ್ಷತ್ರಗಳು ಸುಮಾರು ಒಂದು ಕೋಟಿ! ನಮ್ಮ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ನಾಲ್ಕು ಜ್ಯೋತಿರ್ವರ್ಷಕ್ಕಿಂತ ದೂರದಲ್ಲಿದೆ. ಗುಚ್ಛದ ನಡುವೆಯಾದರೋ ನಕ್ಷತ್ರದಿಂದ ನಕ್ಷತ್ರಕ್ಕೆ ಜ್ಯೋತಿರ್ವರ್ಷದ ಹತ್ತನೇ ಒಂದು ಪಾಲು ಮಾತ್ರ ಅಂತರ. ಇವುಗಳ ವಯಸ್ಸು ಸುಮಾರು 1,200 ಕೋಟಿ ವರ್ಷ. 460 ಕೋಟಿ ವರ್ಷದ ಸೂರ್ಯ ಇವುಗಳ ಮುಂದೆ ಮೊಮ್ಮಗ!

ಇಷ್ಟು ದೊಡ್ಡ ಜಾತ್ರೆಯ ಫೋಟೋ ತೆಗೆಯುವುದು ಹೇಗೆ? ಆಕಾಶದಲ್ಲಿ ಇದರ ಹರವು ಹುಣ್ಣಿಮೆಯ ಚಂದ್ರನಷ್ಟಿದೆ. ದೊಡ್ಡ ದೂರದರ್ಶಕಗಳಿಗೆ ಸಾಮಾನ್ಯವಾಗಿ ಒಮ್ಮೆಗೆ ಅದರ ಒಂದು ತುಣುಕಷ್ಟೇ ಕಾಣುತ್ತದೆ. ಅದಕ್ಕೇ ಅಗಲ ನೋಟದ ದೂರದರ್ಶಕ ಬೇಕು. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಪರನಾಲ್ ಬೆಟ್ಟದ ಮೇಲೆ ಅಂಥದೊಂದಿದೆ. ಹೆಸರು ವಿಎಸ್‌ಟಿ. ಅದರ ಕನ್ನಡಿ 2.6 ಮೀಟರ್ ಅಗಲ. ಕ್ಯಾಮೆರಾದಲ್ಲಿ 26.8 ಕೋಟಿ ಪಿಕ್ಸೆಲ್‌ಗಳಿವೆ. ಎರಡು ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಅಗಲದ ಆಕಾಶ ಒಂದೇ ಚಿತ್ರದಲ್ಲಿ ಸಿಗುತ್ತದೆ.

2011ರಲ್ಲಿ ಹೊರಬಂದ ಅದರ ಮೊದಮೊದಲ ಚಿತ್ರಗಳಲ್ಲೇ ಒಮೆಗಾ ಸೆಂಟಾರಿ ಇತ್ತು. ಅದರಲ್ಲಿ ಕಾಣುವ ನಕ್ಷತ್ರಗಳು ಸುಮಾರು ಮೂರು ಲಕ್ಷ. ಗುಚ್ಛದ ಅಂಚಿನಲ್ಲಿ ಚದುರಿದ ನಕ್ಷತ್ರಗಳೂ ಸಿಕ್ಕಿವೆ.

ಅಗಲ ನೋಟದ ಜೊತೆಗೆ ಆಳದ ನೋಟವೂ ಬೇಕು. ಹಬಲ್ ದೂರದರ್ಶಕ 20 ವರ್ಷ ಈ ಗುಚ್ಛದ ನಡುಭಾಗವನ್ನು ಚಿತ್ರಿಸಿತು. ಅಲ್ಲಿ ಏಳು ನಕ್ಷತ್ರಗಳು ವಿಪರೀತ ವೇಗದಲ್ಲಿ ಓಡುತ್ತಿವೆ. ಅವನ್ನು ಎಳೆದು ಹಿಡಿದಿರುವುದು ಕನಿಷ್ಠ 8,200 ಸೂರ್ಯರಷ್ಟು ತೂಕದ ಕಪ್ಪುಕುಳಿ ಇರಬೇಕೆಂದು ವಿಜ್ಞಾನಿಗಳು 2024ರಲ್ಲಿ ತಿಳಿಸಿದರು.

ಲಂಡನ್ನಿನ ಮಕ್ಕಳಿಗೆ ಈ ಗುಚ್ಛ ಎಂದೂ ಉದಯಿಸುವುದಿಲ್ಲ. ನಮ್ಮ ಕರ್ನಾಟಕದಿಂದ ಕಾಣುತ್ತದೆ! ಮೇ ಕೊನೆಯ ವಾರ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎತ್ತರದಲ್ಲಿ ಹೊಳೆಯುವ ಚಿತ್ತಾ ನಕ್ಷತ್ರ ಹುಡುಕಿ. ಕೈ ಚಾಚಿ ಮುಷ್ಟಿ ಹಿಡಿದು, ಅಲ್ಲಿಂದ ನೇರ ಕೆಳಗೆ ಮೂರೂವರೆ ಮುಷ್ಟಿ ಅಳೆಯಿರಿ. ಹತ್ತಿಯ ಎಳೆಯಂಥ ಚುಕ್ಕಿ ಕಂಡರೆ ಅದೇ! ಬೈನಾಕ್ಯುಲರ್ ಇದ್ದರೆ ಇನ್ನೂ ಚೆನ್ನ. ಆ ಬೆಳಕು ಹೊರಟು ಸುಮಾರು 17,000 ವರ್ಷವಾಯಿತು. ಆಗ ಭೂಮಿಯಲ್ಲಿ ಬೇಸಾಯವೇ ಶುರುವಾಗಿರಲಿಲ್ಲ.

ಅಷ್ಟು ದೂರ ಬಂದ ಬೆಳಕು ಪೇಟೆಯ ದೀಪಗಳ ಪ್ರಭೆಯಲ್ಲಿ ಕರಗಿಹೋಗುತ್ತದೆ. ಅಜ್ಜ ಅಜ್ಜಿಯರೇ, ಅಂಗಳದಲ್ಲಿ ಚಾಪೆ ಹಾಸಿ ನೀವು ನೋಡಿದ ಆಕಾಶ ಮೊಮ್ಮಕ್ಕಳಿಗೂ ಸಿಗಲಿ. ಒಂದರ್ಧ ಗಂಟೆ ಮನೆಯ ಹೊರಗಿನ ದೀಪ ಆರಿಸಿ, ಅವರ ಜೊತೆ ಕುಳಿತುಕೊಳ್ಳಿ.