ಮಗು ಓದುವ ಕಥೆ ಯಾವ ಊರಿನದು?

ಮಕ್ಕಳಿಗೆ ಕನ್ನಡದಲ್ಲಿ ಕಲಿಸಬೇಕೋ ಇಂಗ್ಲಿಷಿನಲ್ಲಿ ಕಲಿಸಬೇಕೋ ಎಂಬ ವಾದ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಹಕ್ಕು ತಾಯಿತಂದೆಯರದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. 2019ರಲ್ಲಿ ಕರ್ನಾಟಕ ಸರ್ಕಾರವು 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಹೀಗೆ ಎರಡು ಭಾಷೆಗಳೂ ಒಂದೇ ಸೂರಿನ ಕೆಳಗೆ ಬಂದು ಕುಳಿತಿವೆ. ವಾದವಿನ್ನೂ ಮುಗಿದಿಲ್ಲ; ಅದು ಮುಗಿಯುವವರೆಗೆ ಮಗುವಂತೂ ಬೆಳೆಯದೆ ಕಾಯುವುದಿಲ್ಲ. ಆದ್ದರಿಂದ ಬೇರೊಂದು ಪ್ರಶ್ನೆಯನ್ನು ಕೇಳೋಣ: ಯಾವ ಭಾಷೆಯಲ್ಲೇ ಆಗಲಿ, ಮಗು ಓದುವ ಕಥೆ ಯಾವ ಊರಿನದು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಮಗುವನ್ನು ನೆನೆಯಿರಿ. ಆಷಾಢದ ಮಳೆ, ಕಾಲಿಗೆ ಹತ್ತುವ ಇಂಬಳ, ಅಂಗಳದಲ್ಲಿ ಹರಡಿದ ಅಡಕೆ, ಕಾಫಿ ಹೂವಿನ ಕಂಪು ಇವೆಲ್ಲ ಅದರ ನಿತ್ಯದ ಬದುಕು. ಅದರ ಕೈಗೆ ಸಿಕ್ಕುವ ಇಂಗ್ಲಿಷ್ ಪುಸ್ತಕದಲ್ಲಿಯಾದರೋ ಹಿಮದ ಗೊಂಬೆ ನಿಂತಿರುತ್ತದೆ. ಭಾಷೆಯೂ ಹೊಸತು, ವಸ್ತುವೂ ಹೊಸತು. ಎರಡು ಹೊರೆಗಳನ್ನು ಒಮ್ಮೆಗೇ ಹೊರಿಸಿದರೆ ಮಗು ಪದಗಳನ್ನು ಉಚ್ಚರಿಸೀತು, ಅರ್ಥವನ್ನು ಮುಟ್ಟಲಾರದು. ನಾವು ಉಚ್ಚಾರಣೆಯನ್ನು ಕೇಳಿ ಹಿಗ್ಗುತ್ತೇವೆ. ಓದಿದ್ದೇನೆಂದು ಕೇಳಲು ಮರೆಯುತ್ತೇವೆ.

ಶೃಂಗೇರಿಯ ತುಂಗೆಯ ದಡದಲ್ಲಿ ‘ಕಪ್ಪೆ ಶಂಕರ’ ಎಂಬ ಪುಟ್ಟ ಗುಡಿಯಿದೆ. ಸುಡುಬಿಸಿಲಿನಲ್ಲಿ ಪ್ರಸವವೇದನೆಪಡುತ್ತಿದ್ದ ಕಪ್ಪೆಗೆ ಸರ್ಪವೊಂದು ಹೆಡೆಯೆತ್ತಿ ನೆರಳಾಯಿತೆಂಬುದು ಸ್ಥಳದ ಐತಿಹ್ಯ. ಈ ಕಥೆಯನ್ನು ಬಲ್ಲ ಮಗುವಿಗೆ ಇದನ್ನೇ ಹತ್ತು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ ನೋಡಿ. ಮುಂದೇನಾಗುವುದೆಂದು ಅದಕ್ಕೆ ಗೊತ್ತು, ಮಾತಷ್ಟೇ ಹೊಸದು. ಗೊತ್ತಿದ್ದ ಅರ್ಥದ ಕೈಹಿಡಿದು ಅದು ಗೊತ್ತಿಲ್ಲದ ಪದದತ್ತ ನಡೆಯುತ್ತದೆ.

ಇದಕ್ಕೆ ದಾರಿ ತೋರಿದವರು ಈ ಮಣ್ಣಿನವರೇ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಹಿತವಚನದಿಂದ ಕನ್ನಡಕ್ಕೆ ತಿರುಗಿದರು. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಇಲಿಗಳ ಕಾಟವನ್ನು ಕುರಿತು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವನವು ಅವರ ಕೈಯಲ್ಲಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಯಿತು. ವೇಸರ್ ನದಿಯಿದ್ದಲ್ಲಿ ತುಂಗೆ ಹರಿಯಿತು. ಕೊಳಲೂದುವವನಿದ್ದಲ್ಲಿ ಜೋಗಿ ಬಂದನು. ಎರಡು ಭಾಷೆಗಳ ತರಗತಿಗೆ ಇದಕ್ಕಿಂತ ಒಳ್ಳೆಯ ಜೋಡಿ ಪಾಠ ಯಾವುದಿದೆ? ಮೊದಲು ಜೋಗಿಯ ಕಥೆಯನ್ನು ಕೇಳಲಿ, ಆಮೇಲೆ ಹ್ಯಾಮೆಲಿನ್ನಿಗೆ ಹೋಗಲಿ. ಏನು ಬದಲಾಯಿತು, ಏನು ಬದಲಾಗಲಿಲ್ಲವೆಂದು ತಾವೇ ಹೇಳಲಿ. ಕೊಟ್ಟ ಮಾತಿಗೆ ತಪ್ಪಿದರೆ ಬರುವ ಕೇಡು ಎರಡೂ ಊರುಗಳಲ್ಲಿ ಒಂದೇ ಎಂಬುದನ್ನು ಮಕ್ಕಳು ಬೇಗ ಕಾಣುತ್ತಾರೆ.

ಇಲ್ಲೊಂದು ಎಚ್ಚರಿಕೆ ಬೇಕು. ಸಾಲುಸಾಲಿಗೂ ಅನುವಾದ ಹೇಳುವ ಪದ್ಧತಿ ಒಳ್ಳೆಯದಲ್ಲ. ಹೇಗೂ ಕನ್ನಡ ಬರುತ್ತದೆಂದು ತಿಳಿದ ಮಗು ಇಂಗ್ಲಿಷಿಗೆ ಕಿವಿಗೊಡುವುದೇ ಇಲ್ಲ. ಒಂದು ಭಾಷೆಯಲ್ಲಿ ಕಥೆ ಪೂರ್ತಿಯಾದ ಮೇಲೆಯೇ ಇನ್ನೊಂದು ಭಾಷೆ ಬರಬೇಕು.

ಇನ್ನೊಂದು ಮಾತು. ‘ನಮ್ಮ ಸಂಸ್ಕೃತಿ’ ಎಂದಾಗ ನಮ್ಮ ಮನೆಯಷ್ಟೇ ಕಣ್ಣಿಗೆ ಬರುವುದುಂಟು. ಈ ಸೀಮೆಯಲ್ಲಿ ತುಳು, ಕೊಂಕಣಿ, ಉರ್ದು, ಮಲೆಯಾಳ, ತಮಿಳು ಆಡುವ ಮನೆಗಳೂ ಇವೆ. ಆ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ. ತೋಟದ ಲೈನ್ ಮನೆಯ ಅಜ್ಜಿ ಹೇಳಿದ ಕಥೆಯೂ ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಕರಿಹಲಗೆಯ ಮೇಲೇರಿದರೆ, ಹಿಂದಿನ ಸಾಲಿನಲ್ಲಿ ಬಾಯಿಬಿಡದೆ ಕುಳಿತ ಮಗುವೂ ಅಂದು ಮಾತನಾಡೀತು.

ಹಿಮದ ಗೊಂಬೆ ಬೇಡವೆಂದು ನನ್ನ ಮತವಲ್ಲ. ಲೋಕವನ್ನು ಕಾಣಬೇಕಾದರೂ ಮೊದಲು ಮನೆಯ ಹೊಸ್ತಿಲನ್ನೇ ದಾಟಬೇಕು. ಶಾಲೆಯಿಂದ ಬಂದ ಮಗುವನ್ನು ಇಂದು ಸಂಜೆ ‘ಎಷ್ಟು ಅಂಕ?’ ಎಂದು ಕೇಳುವ ಬದಲು ‘ಯಾವ ಕಥೆ?’ ಎಂದು ಕೇಳಿ. ಅದು ಯಾವ ಭಾಷೆಯಲ್ಲಿ ಹೇಳಿದರೂ ಕೊನೆಯವರೆಗೆ ಕೇಳಿ.